ಗೋಡೆಯ ಮೇಲಿನ ಯುದ್ಧ, ಕಲ್ಲಿನ ಮೇಲಿನ ನಾಯಿ

‘ಮಗನಿಗೆ ಇತಿಹಾಸ ಎಂದರೆ ಆಗುವುದೇ ಇಲ್ಲ. ಇಸವಿಗಳನ್ನು ಉರು ಹೊಡೆಯುತ್ತಾನೆ, ಪರೀಕ್ಷೆ ಮುಗಿದ ಸಂಜೆಗೆ ಎಲ್ಲ ಖಾಲಿ’ ಎಂಬ ಧಾಟಿಯ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಬರೆಯುವವರು ಹೆಚ್ಚಾಗಿ ತಂದೆ ತಾಯಂದಿರು. ನಡುನಡುವೆ ಸಮಾಜ ವಿಜ್ಞಾನದ ಮೇಷ್ಟ್ರುಗಳೂ ಉಂಟು. ಈಚೆಗೆ ಆ ದೂರಿನ ಜೊತೆಗೆ ಒಂದು ಪ್ರಶ್ನೆಯೂ ಸೇರಿಕೊಂಡಿದೆ. ಶಿಲ್ಪ, ಭಿತ್ತಿಚಿತ್ರ, ವರ್ಣಚಿತ್ರಗಳು ಇಷ್ಟೊಂದು ತುಂಬಿರುವ ದೇಶದಲ್ಲಿ ಅವುಗಳ ಮೂಲಕವೇ ಮಕ್ಕಳಿಗೆ ಇತಿಹಾಸ ಹೇಳಿಕೊಡಬಾರದೇಕೆ ಎಂದು ಕೇಳುತ್ತಾರೆ. ಖಂಡಿತ ಹೇಳಿಕೊಡಬಹುದು, ಹೇಳಿಕೊಡಲೇಬೇಕು ಎನ್ನುವುದು ನನ್ನ ಉತ್ತರ. ಆದರೆ ಅದಕ್ಕೆ ಒಂದು ಷರತ್ತಿದೆ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡುವ ಹಾಗೆ ಚಿತ್ರವನ್ನೂ ತರಗತಿಯ ಮುಂದೆ ನಿಲ್ಲಿಸಿ ಪ್ರಶ್ನೆ ಕೇಳಬೇಕು. ಬರಿದೆ ತೋರಿಸಿ ಮುಂದೆ ಹೋದರೆ ಏನೂ ದಕ್ಕುವುದಿಲ್ಲ.

ಈಗ ಹೆಚ್ಚಿನ ಕಡೆ ನಡೆಯುವುದು ಬರಿದೆ ತೋರಿಸುವ ಕೆಲಸವೇ. ಪಾಠ ಮೊದಲು, ಚಿತ್ರ ಆಮೇಲೆ. ಹೊಯ್ಸಳರ ವಂಶಾವಳಿ, ಯುದ್ಧ, ಆಡಳಿತ ಎಲ್ಲ ಮುಗಿದ ಬಳಿಕ ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಫೋಟೊ, ಅದರ ಕೆಳಗೆ ‘ಬೇಲೂರಿನ ಶಿಲಾಬಾಲಿಕೆ’ ಎಂಬ ಅಡಿಬರಹ. ಆ ಶಿಲ್ಪ ಏನು ಮಾಡುತ್ತಿದೆ, ಅದನ್ನು ಕಡೆದವನು ಯಾರು, ಕೂಲಿ ಕೊಟ್ಟವರು ಯಾರು, ಕಟ್ಟಡದ ಯಾವ ಜಾಗದಲ್ಲಿ ಅದು ನಿಂತಿದೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ. ಶೈಕ್ಷಣಿಕ ಪ್ರವಾಸವೂ ಇದಕ್ಕಿಂತ ತೀರಾ ಬೇರೆಯಲ್ಲ. ಬೆಳಗಿನ ಜಾವ ಬಸ್ಸು ಹತ್ತಿ ಶ್ರೀರಂಗಪಟ್ಟಣ, ಮೈಸೂರು ಅರಮನೆ, ಮೃಗಾಲಯ, ಸಂಜೆಗೆ ಬೃಂದಾವನ. ಇದರ ನಡುವೆ ದರಿಯಾ ದೌಲತ್‌ಗೆ ಸಿಗುವುದು ಸಾಲಾಗಿ ಒಳಹೊಕ್ಕು ಸಾಲಾಗಿ ಹೊರಬರುವಷ್ಟು ಹೊತ್ತು ಮಾತ್ರ. ಆ ಕಟ್ಟಡದ ಪಡುಗೋಡೆಯೊಂದೇ ಒಂದು ಇಡೀ ವಾರದ ಪಾಠಕ್ಕೆ ಸಾಕು ಎಂದು ಯಾರೂ ಆ ಮಕ್ಕಳಿಗೆ ಹೇಳುವುದಿಲ್ಲ.

ದರಿಯಾ ದೌಲತ್ ಅನ್ನು ಟಿಪ್ಪು ಕಟ್ಟಿಸಿದ್ದು 1784ರಲ್ಲಿ. ಎರಡನೇ ಮೈಸೂರು ಯುದ್ಧ ಮಂಗಳೂರಿನ ಒಪ್ಪಂದದೊಂದಿಗೆ ಮುಗಿದದ್ದೂ ಅದೇ ವರ್ಷ ಮಾರ್ಚ್‌ನಲ್ಲಿ. ಪಡುಗೋಡೆಯ ಮೇಲಿರುವುದು ಅದಕ್ಕೂ ನಾಲ್ಕು ವರ್ಷ ಹಿಂದಿನ ಗೆಲುವು: 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಕಂಪನಿ ಪಡೆಯನ್ನು ಮಣಿಸಿದ ಯುದ್ಧ. ಚೌಕಾಕಾರವಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳು, ಅವರ ನಡುವೆ ಸ್ಫೋಟಗೊಂಡ ಮದ್ದಿನ ಬಂಡಿ, ಪಲ್ಲಕ್ಕಿಯೊಳಗೆ ಗಾಯಗೊಂಡು ಕುಳಿತ ಬೇಲಿ, ಸುತ್ತಲೂ ಕುದುರೆಗಳ ಕಡಲು, ಉರುಳಿದ ರುಂಡಗಳು. ಆನೆಯ ಮೇಲೆ ಕುಳಿತ ಟಿಪ್ಪು ಮಾತ್ರ ಗುಲಾಬಿಯೊಂದನ್ನು ಮೂಗಿನ ಬಳಿ ಹಿಡಿದಿದ್ದಾನೆ.

ಈ ಚಿತ್ರದ ದೊಡ್ಡದೊಂದು ಪ್ರತಿಯನ್ನು ಮಂಡ್ಯ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರ ಕಪ್ಪುಹಲಗೆಗೆ ಅಂಟಿಸಿ, ಪಾಠವನ್ನೇನೂ ಹೇಳದೆ ಮಕ್ಕಳನ್ನು ನೋಡಲು ಬಿಟ್ಟ ಮೇಷ್ಟ್ರೊಬ್ಬರು ನನಗೆ ಗೊತ್ತು. ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ನಾನೂ ಕುಳಿತಿದ್ದೆ. ಮೊದಲಿಗೆ ಪಿಸುಮಾತು, ನಗು. ಆಮೇಲೆ ಒಂದೊಂದೇ ಪ್ರಶ್ನೆ ಎದ್ದಿತು. ‘ಯುದ್ಧ ನಡೀತಾ ಇರುವಾಗ ಅವ್ರು ಯಾಕ್ ಸಾ ಹೂ ಮೂಸ್ತಾ ಅವ್ರೆ?’ ಎಂದ ಒಬ್ಬ ಹುಡುಗ. ‘ಕೆಂಪು ಕೋಟಿನೋರಿಗೆ ಮೀಸೆನೇ ಇಲ್ವಲ್ಲ, ನಮ್ಮೋರಿಗೆಲ್ಲ ಅದೆ’ ಎಂದ ಇನ್ನೊಬ್ಬ. ಮೇಷ್ಟ್ರು ಉತ್ತರ ಹೇಳದೆ ತಿರುಗಿ ಕೇಳಿದರು: ‘ಇದನ್ನ ಬರೆಸಿದ್ದು ಯಾರ ಮನೆ ಗೋಡೆ ಮೇಲಪ್ಪ?’ ಅಲ್ಲಿಂದ ತರಗತಿಯ ದಿಕ್ಕೇ ಬದಲಾಯಿತು. ಗೆದ್ದವರ ಮನೆಯ ಗೋಡೆಯಲ್ಲಿ ಗೆದ್ದವನು ನಿರಾಳವಾಗಿರುತ್ತಾನೆ, ಸೋತವನು ಕಳವಳಪಡುತ್ತಾನೆ. ಇದನ್ನು ಆ ಮಕ್ಕಳೇ ಕಂಡುಕೊಂಡರು. ಮರುವರ್ಷ 1781ರ ಜುಲೈ 1ರಂದು ಪೋರ್ಟೊನೊವೊದಲ್ಲಿ ಹೈದರನ ಸೈನ್ಯ ಸೋತಿತು ಎಂದು ಮೇಷ್ಟ್ರು ತಿಳಿಸಿದಾಗ, ‘ಹಂಗಾದ್ರೆ ಅದ್ರ ಚಿತ್ರ ಎಲ್ಲದೆ?’ ಎಂಬ ಪ್ರಶ್ನೆ ತಾನಾಗಿಯೇ ಬಂತು.

ಆ ಚಿತ್ರದಲ್ಲಿ ದುರ್ಬೀನು ಹಿಡಿದ ಯುರೋಪಿಯನ್ ಒಬ್ಬನಿದ್ದಾನೆ. ಆತ ಮೈಸೂರಿನ ಕಡೆಯವನು, ಹೈದರನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಲ್ಯಾಲಿ. ಆ ಒಂದು ದುರ್ಬೀನು ಹಿಡಿದು ಮೇಷ್ಟ್ರು ಎಲ್ಲಿಯವರೆಗೆ ಹೋಗಬಹುದು ನೋಡಿ. 1778ರಿಂದ ಫ್ರಾನ್ಸ್ ಮತ್ತು ಬ್ರಿಟನ್ ನಡುವೆ ಯುದ್ಧ, ಅದಕ್ಕೆ ಕಾರಣ ಅಮೆರಿಕದ ಸ್ವಾತಂತ್ರ್ಯ ಹೋರಾಟ. ಅದರ ಬಿಸಿ ಮಲಬಾರಿನ ಕರಾವಳಿಗೂ ತಟ್ಟಿ 1779ರಲ್ಲಿ ಬ್ರಿಟಿಷರು ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚ್ ಮದ್ದುಗುಂಡು ಬರುತ್ತಿದ್ದ ಬಾಗಿಲು ಅದು, ಆತ ತನ್ನ ರಕ್ಷಣೆಯಲ್ಲಿದೆ ಎಂದುಕೊಂಡಿದ್ದ ಊರೂ ಹೌದು. ಮರುವರ್ಷ ಆತ ಕರ್ನಾಟಿಕ್ ಪ್ರಾಂತ್ಯದ ಮೇಲೆ ಏರಿಹೋದ. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಕುಳಿತಿರುವ ಅಮೆರಿಕ, ಫ್ರಾನ್ಸ್, ಮೈಸೂರು ಇಲ್ಲಿ ಒಂದೇ ಗೋಡೆಯ ಮೇಲೆ ಒಟ್ಟಿಗೆ ನಿಂತಿವೆ.

ಅವತ್ತು ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಕೇಳಿದವಳು ಕಿಟಕಿ ಪಕ್ಕದಲ್ಲಿದ್ದ ಹುಡುಗಿ. ‘ಇಷ್ಟೊಂದು ಜನ ಅವ್ರೆ, ಆ ಊರಿನ ಜನ ಎಲ್ಲಿ ಸಾ?’ ಪೊಳ್ಳಿಲೂರಿನ ಸುತ್ತಣ ರೈತರು ಆ ಗೋಡೆಯಲ್ಲಿಲ್ಲ. ಹೈದರನ ದಂಡು 1780ರ ಬೇಸಿಗೆ ಕಳೆಯುತ್ತಲೇ ಘಟ್ಟ ಇಳಿದು ಮದರಾಸಿನ ಆಸುಪಾಸಿನ ಹಳ್ಳಿಗಳನ್ನು ಸುಟ್ಟಿತ್ತು. ಆ ಬೆಂಕಿಯೂ ಇಲ್ಲಿ ಕಾಣುವುದಿಲ್ಲ. ಚಿತ್ರದಲ್ಲಿ ಏನಿಲ್ಲ ಎಂದು ಹುಡುಕಲು ಹದಿನಾಲ್ಕು ವರ್ಷದ ಹುಡುಗಿಗೆ ಸಾಧ್ಯವಾದರೆ, ಇತಿಹಾಸ ಓದುವುದರ ಅರ್ಧ ಕೆಲಸ ಅವಳಿಗೆ ಬಂದಂತೆಯೇ. ಇಸವಿ ಮರೆತರೂ ಚಿಂತೆಯಿಲ್ಲ, ಅದು ಪುಸ್ತಕದಲ್ಲಿ ಸಿಗುತ್ತದೆ.

ಇನ್ನೂ ಒಂದು ಪದರವಿದೆ. ಇಂದು ನಾವು ಕಾಣುವ ಬಣ್ಣವೆಲ್ಲ 1784ರದ್ದಲ್ಲ. ಟಿಪ್ಪು ಮಡಿದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ, ಹಾಳಾಗಿದ್ದ ಚಿತ್ರಗಳನ್ನು ದುರಸ್ತಿ ಮಾಡಿಸಿದ. ಮುಂದೆ ಆತನೇ ವೆಲಿಂಗ್ಟನ್ ಡ್ಯೂಕ್ ಎಂದು ಹೆಸರಾದವನು. ಅವು ಮತ್ತೆ ಮಾಸಿದಾಗ 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಇನ್ನೊಮ್ಮೆ ಬಣ್ಣ ಬಿತ್ತು. ತಮ್ಮ ಸೋಲಿನ ಚಿತ್ರವನ್ನು ಬ್ರಿಟಿಷರೇ ಎರಡು ಸಲ ಉಳಿಸಿದರು. ಯಾಕಿರಬಹುದು? ಇಡೀ ದೇಶ ಕೈಗೆ ಬಂದ ಮೇಲೆ ಹಳೆಯ ಸೋಲು ಅವರನ್ನು ಚುಚ್ಚುತ್ತಿರಲಿಲ್ಲ ಎನ್ನಬಹುದು, ತಾವು ಗೆದ್ದ ವೈರಿ ಎಷ್ಟು ಬಲಶಾಲಿಯಾಗಿದ್ದ ಎಂದು ತೋರಿಸಿಕೊಳ್ಳುವ ಆಸೆಯಿತ್ತು ಎನ್ನಬಹುದು. ಮಕ್ಕಳು ವಾದ ಮಾಡಲಿ.

ಈ ಗೋಡೆಯ ಪಕ್ಕದಲ್ಲಿ ಎರಡು ಇಂಗ್ಲಿಷ್ ಚಿತ್ರಗಳನ್ನಿಟ್ಟರೆ ಪಾಠ ತುಂಬುತ್ತದೆ. ಮೊದಲನೆಯದು ರಾಬರ್ಟ್ ಹೋಮ್‌ನದು. ಮೂರನೇ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು 1792ರ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಗಿ ಬಂತು. ಅದರ ಈಡಾಗಿ ತನ್ನ ಇಬ್ಬರು ಪುಟ್ಟ ಮಕ್ಕಳನ್ನು ಒತ್ತೆಯಿಟ್ಟ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಆ ಮಕ್ಕಳನ್ನು ಅಕ್ಕರೆಯಿಂದ ಬರಮಾಡಿಕೊಳ್ಳುವ ದೃಶ್ಯ ಹೋಮ್‌ನ ಚಿತ್ರದಲ್ಲಿದೆ. ಆತ ಸೈನ್ಯದ ಜೊತೆಯಲ್ಲೇ ಬಂದಿದ್ದ, ಚಿತ್ರದ ಒಂದು ಅಂಚಿನಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಕಣ್ಣಾರೆ ಕಂಡವನ ಚಿತ್ರ ಎಂದ ಮಾತ್ರಕ್ಕೆ ಅದು ಪಕ್ಷಪಾತವಿಲ್ಲದ್ದೇ? ಮಕ್ಕಳನ್ನು ಒತ್ತೆ ತೆಗೆದುಕೊಳ್ಳುವ ಕೆಲಸ ಇಲ್ಲಿ ತಂದೆಯ ವಾತ್ಸಲ್ಯದ ಹಾಗೆ ಕಾಣುತ್ತದೆ. ಈ ವಿಷಯ ಲಂಡನ್ನಿನಲ್ಲಿ ಎಷ್ಟು ಮೆಚ್ಚುಗೆ ಪಡೆಯಿತೆಂದರೆ, ಭಾರತಕ್ಕೆ ಕಾಲಿಡದ ಮ್ಯಾದರ್ ಬ್ರೌನ್‌ನಂಥ ಕಲಾವಿದರೂ ಇದನ್ನು ಬರೆದರು.

ಎರಡನೆಯದು ಡೇವಿಡ್ ವಿಲ್ಕಿಯ ಆಳೆತ್ತರ ಮೀರಿದ ತೈಲಚಿತ್ರ, 1839ರದ್ದು. 1799ರ ಮೇ 4ರ ಇರುಳು, ಶ್ರೀರಂಗಪಟ್ಟಣ ಬಿದ್ದಿದೆ. ಕತ್ತಿ ಹಿರಿದ ಜನರಲ್ ಬೇರ್ಡ್ ನಡುವೆ ಎತ್ತರಕ್ಕೆ ನಿಂತಿದ್ದಾನೆ, ಕಾಲ ಬಳಿ ಟಿಪ್ಪುವಿನ ಶವ. ವಿಲ್ಕಿಯೂ ಭಾರತವನ್ನು ನೋಡಿದವನಲ್ಲ. ಘಟನೆ ನಡೆದು ನಾಲ್ಕು ದಶಕಗಳಾದ ಮೇಲೆ, ಬೇರ್ಡ್‌ನ ವಿಧವೆ ಹಣಕೊಟ್ಟು ಬರೆಸಿದ ಚಿತ್ರ ಇದು. ಬೇರ್ಡ್ ನಿಂತ ಜಾಗದ ಕೆಳಗೆ ಒಂದು ಕಬ್ಬಿಣದ ಜಾಲರಿ ಕಾಣುತ್ತದೆ. ಅದು ಸೆರೆಮನೆಯ ಕಿಂಡಿ. ಯಾಕೆಂದರೆ ಪೊಳ್ಳಿಲೂರಿನಲ್ಲಿ ಬೇಲಿಯ ಜೊತೆ ಸೆರೆಸಿಕ್ಕವರಲ್ಲಿ ಈ ಬೇರ್ಡ್ ಕೂಡ ಇದ್ದ. ಬೇಲಿ 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಬೇರ್ಡ್ 1784ರಲ್ಲಿ ಬಿಡುಗಡೆಯಾಗಿ, ಹದಿನೈದು ವರ್ಷಗಳ ಬಳಿಕ ಅದೇ ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ಮುನ್ನಡೆಸಿದ. ಗೋಡೆಯ ಚಿತ್ರದಲ್ಲಿ ಸೋತು ನಿಂತ ಕೆಂಪು ಕೋಟಿನವರ ಗುಂಪಿಗೆ ಸೇರಿದವನು ಕ್ಯಾನ್ವಾಸಿನಲ್ಲಿ ನಾಯಕ. ಎರಡನ್ನೂ ಅಕ್ಕಪಕ್ಕ ನೋಡಿದ ಮಗುವಿಗೆ ಎರಡನೇ ಮತ್ತು ನಾಲ್ಕನೇ ಮೈಸೂರು ಯುದ್ಧಗಳ ನಡುವಿನ ನಂಟು ಮರೆಯುವುದು ಕಷ್ಟ.

ಮೂರನೆಯ ಟಿಪ್ಪು ಇರುವುದು ನಮ್ಮ ಸಂವಿಧಾನದ ಮೂಲ ಹಸ್ತಪ್ರತಿಯಲ್ಲಿ. ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಕೈಬರಹದಲ್ಲಿ ಬರೆದ ಆ ಇಂಗ್ಲಿಷ್ ಪ್ರತಿಯನ್ನು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಸಂಗಡಿಗರು ಚಿತ್ರಗಳಿಂದ ತುಂಬಿದರು. ಸಿಂಧೂ ಕಣಿವೆಯ ಮುದ್ರೆಯ ಗೂಳಿಯಿಂದ ಹಿಡಿದು ಬುದ್ಧ, ಅಶೋಕ, ನಳಂದಾ, ನಟರಾಜ, ಅಕ್ಬರ್, ಶಿವಾಜಿ, ದಂಡಿ ಯಾತ್ರೆ, ನೌಖಾಲಿಯಲ್ಲಿ ಗಾಂಧಿ, ನೇತಾಜಿಯವರೆಗೆ 22 ಭಾಗಗಳ ಉದ್ದಕ್ಕೂ ದೇಶದ ಕಥೆ ಹರಿಯುತ್ತದೆ. 16ನೇ ಭಾಗದಲ್ಲಿ ಟಿಪ್ಪು ಮತ್ತು ರಾಣಿ ಲಕ್ಷ್ಮೀಬಾಯಿ ಒಟ್ಟಿಗಿದ್ದಾರೆ. ಒಬ್ಬನು ತೀರಿಕೊಂಡದ್ದು 1799ರಲ್ಲಿ, ಇನ್ನೊಬ್ಬಳು 1858ರಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಆಗತಾನೇ ಹುಟ್ಟಿದ ಗಣರಾಜ್ಯ ಅವರನ್ನು ಒಂದೇ ಪುಟದಲ್ಲಿ ಕೂರಿಸಿತು. ಯಾರನ್ನು ನೆನೆಯಬೇಕು, ಯಾರ ಪಕ್ಕದಲ್ಲಿ ನೆನೆಯಬೇಕು ಎಂಬ ಆಯ್ಕೆ ಅದು. ದೇಶವೊಂದು ತನ್ನ ಚರಿತ್ರೆಯನ್ನು ತಾನೇ ಚಿತ್ರಗಳಲ್ಲಿ ಬರೆದುಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬಹುಪಾಲು ಶಾಲೆಗಳಲ್ಲಿ ಸಂವಿಧಾನ ದಿನದಂದು ಪೀಠಿಕೆಯನ್ನು ಓದಿಸುತ್ತಾರೆ, ಆ ಪೀಠಿಕೆಯ ಸುತ್ತಲಿನ ಅಂಚನ್ನು ಬರೆದವರು ಬೇವಹಾರ್ ರಾಮಮನೋಹರ ಸಿನ್ಹಾ ಎಂಬ ಕಲಾವಿದರು ಎಂದು ಹೇಳುವವರು ಕಡಿಮೆ.

ಟಿಪ್ಪುವಿನ ಹೆಸರು ಎತ್ತಿದರೆ ಗಲಾಟೆಯಾಗುತ್ತದಲ್ಲ ಎಂದು ಶಿಕ್ಷಕರು ಅಂಜುತ್ತಾರೆ. ಆ ಅಂಜಿಕೆ ಸುಳ್ಳಲ್ಲ. ನಮ್ಮಲ್ಲಿ ಆತನ ಬಗ್ಗೆ ದೊಡ್ಡವರು ಎರಡು ಪಾಳಯವಾಗಿದ್ದಾರೆ, ಕೊಡಗಿನ ನೆನಪು ಬೇರೆ, ಶ್ರೀರಂಗಪಟ್ಟಣದ ನೆನಪು ಬೇರೆ. ಇಂಥ ಕಡೆಯಲ್ಲೇ ಚಿತ್ರಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂದು ನನಗನ್ನಿಸುತ್ತದೆ. ಆತ ಒಳ್ಳೆಯವನೋ ಕೆಟ್ಟವನೋ ಎಂದು ಮೇಷ್ಟ್ರು ತೀರ್ಪು ಕೊಡಬೇಕಾಗಿಲ್ಲ. ಆತನೇ ಬರೆಸಿದ್ದು, ಆತನ ವೈರಿಗಳು ಬರೆಸಿದ್ದು, ಸ್ವತಂತ್ರ ಭಾರತ ಬರೆಸಿದ್ದು ಮೂರನ್ನೂ ಎದುರಿಗಿಟ್ಟು, ಯಾರು, ಯಾವಾಗ, ಯಾರಿಗಾಗಿ ಎಂದು ಕೇಳಿದರೆ ಸಾಕು. ಹಾಗೆ ಕೇಳಿ ಬೆಳೆದ ಮಕ್ಕಳನ್ನು ನಾಳೆ ಮೊಬೈಲಿಗೆ ಬರುವ ಒಂದು ಫಾರ್ವರ್ಡ್ ಸುಲಭವಾಗಿ ಕೆರಳಿಸಲಾರದು.

ಇದೆಲ್ಲ ರಾಜರ ಕಥೆಯೇ ಆಯಿತಲ್ಲ ಎಂದು ನೀವು ಕೇಳಬಹುದು. ಕಲೆಯ ಮೂಲಕ ಇತಿಹಾಸ ಎಂದೊಡನೆ ಅರಮನೆ, ದೇವಾಲಯಗಳಿಗೆ ಓಡುವ ಅಪಾಯ ಇದ್ದೇ ಇದೆ. ಅದಕ್ಕೆ ಔಷಧ ನಮ್ಮ ಹಳ್ಳಿಗಳಲ್ಲೇ ಬಿದ್ದಿದೆ. ಕರ್ನಾಟಕದಲ್ಲಿ ವೀರಗಲ್ಲಿಲ್ಲದ ಹೋಬಳಿ ಹುಡುಕುವುದು ಕಷ್ಟ. ಕೆರೆ ಏರಿಯ ಮೇಲೆ, ಆಲದ ಮರದ ಬುಡದಲ್ಲಿ, ಅರ್ಧ ಹೂತು, ಸುಣ್ಣ ಬಳಿಸಿಕೊಂಡು, ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿ ಅವು ಉಳಿದಿವೆ. ಓದುವುದೂ ಸುಲಭ, ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಬೇಕು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಎದುರು ಆತ, ಎಲ್ಲಕ್ಕೂ ಮೇಲೆ ಸೂರ್ಯ ಚಂದ್ರ. ಹೋರಾಟದಲ್ಲಿ ದನಗಳಿದ್ದರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋದವರನ್ನು ತಡೆಯುತ್ತ ಸತ್ತವನ ಕಲ್ಲು. ಹುಲಿಯಿದ್ದರೆ ಬೇರೆ ಕಥೆ. ದನವೇ ಸಂಪತ್ತಾಗಿದ್ದ, ಕಾಡು ಊರಿನ ಬಾಗಿಲಲ್ಲೇ ಇದ್ದ ಕಾಲ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಅವುಗಳಲ್ಲಿ ನನಗೆ ಬಲು ಪ್ರಿಯವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರಲ್ಲಿ ಒಂದು ನಾಯಿ ಕಾಡುಹಂದಿಯೊಡನೆ ಸೆಣಸುತ್ತಿದೆ. ನಾಯಿಯ ಹೆಸರು ಕಾಳಿ. ರಾಷ್ಟ್ರಕೂಟರ ಮೂರನೇ ಕೃಷ್ಣ 949ರ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದಾಗ, ಗಂಗರ ಬೂತುಗ ಅವನ ಪರವಾಗಿ ಹೋರಾಡಿದ. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಬೂತುಗನ ಆಳು ಮಣಲೇರ ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಏನು ಬೇಕೆಂದು ಒಡೆಯ ಕೇಳಿದಾಗ ಕಾಳಿಯನ್ನು ಕೇಳಿ ಪಡೆದ. ಆಮೇಲೆ ಬೇಟೆಯಲ್ಲಿ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ದಕ್ಷಿಣ ಭಾರತದ ರಾಜಕೀಯ ತಿರುವಿನ ದೊಡ್ಡ ಯುದ್ಧವೊಂದರ ಸುದ್ದಿ ನಮಗೆ ಒಂದು ನಾಯಿಯ ಸ್ಮಾರಕದಿಂದ ತಿಳಿಯುತ್ತದೆ. ರಾಷ್ಟ್ರಕೂಟ, ಗಂಗ, ಚೋಳ ಎಂಬ ಹೆಸರುಗಳು ತಲೆಗೆ ಹತ್ತದ ಮಗುವಿಗೂ ಕಾಳಿ ಮರೆಯುವುದಿಲ್ಲ, ಕಾಳಿಯ ಹಿಂದೆಯೇ ಉಳಿದವರೂ ಬರುತ್ತಾರೆ.

ಕಡೆದವರ ಹೆಸರನ್ನೂ ಮಕ್ಕಳಿಗೆ ಹೇಳಬೇಕು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಸಹಿ ಹಾಕಿದ್ದಾರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ವಿಷ್ಣುವರ್ಧನ ಕಟ್ಟಿಸಿದ ಎಂಬ ವಾಕ್ಯದಲ್ಲಿ ಕಟ್ಟಿದವರು ಇಲ್ಲ. ಕಲ್ಲಿನಲ್ಲಿ ಅವರಿದ್ದಾರೆ.

ಸಮಯವೆಲ್ಲಿದೆ, ಸಿಲೆಬಸ್ ಮುಗಿಸಬೇಡವೇ ಎನ್ನುವ ಶಿಕ್ಷಕರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಪ್ರತಿ ಪಾಠವನ್ನೂ ಹೀಗೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ವರ್ಷಕ್ಕೆ ಎರಡು ಮೂರು ಚಿತ್ರಗಳನ್ನು ನಿಧಾನವಾಗಿ ನೋಡಿದರೆ ಉಳಿದವನ್ನು ನೋಡುವ ಕಣ್ಣು ತಾನಾಗಿ ಬರುತ್ತದೆ. ಚಿತ್ರಕಲಾ ಶಿಕ್ಷಕರು ಇರುವ ಶಾಲೆಯಲ್ಲಿ ಅವರೂ ಸಮಾಜ ವಿಜ್ಞಾನದವರೂ ಒಂದು ಪೀರಿಯಡ್ ಜೊತೆಗೆ ಕೂರಲಿ. ಪಠ್ಯಪುಸ್ತಕ ಮಾಡುವವರು ಇಪ್ಪತ್ತು ಸಣ್ಣ ಫೋಟೊಗಳ ಬದಲು ನಾಲ್ಕನ್ನು ಪುಟದ ತುಂಬ, ಬಣ್ಣದಲ್ಲಿ ಅಚ್ಚು ಹಾಕಿಸಲಿ. ಪ್ರಶ್ನೆಪತ್ರಿಕೆಯಲ್ಲಿ ಒಂದು ಚಿತ್ರ ಕೊಟ್ಟು ಇದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಕೇಳಲಿ. ಪರೀಕ್ಷೆಯಲ್ಲಿ ಬರುತ್ತದೆ ಎಂದಾದರೆ ತರಗತಿಗೆ ಬರುವುದಕ್ಕೆ ತಡವಾಗದು.

ನಿಮ್ಮೂರಿನ ಕಲ್ಲಿನಲ್ಲಿ ಏನಿದೆ ಎಂದು ತಿಳಿಯಲು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿವೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಈ ಸಂಪುಟಗಳಲ್ಲಿ ಶಾಸನಗಳು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಇವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯೂ ಇದೆ. ಶಿಕ್ಷಕರೇ, ಈ ವರ್ಷ ಮಕ್ಕಳನ್ನು ದೂರದ ಪ್ರವಾಸಕ್ಕೆ ಕರೆದೊಯ್ಯುವ ಮೊದಲು ಊರಿನ ವೀರಗಲ್ಲಿನ ಮುಂದೆ ಒಂದು ಮಧ್ಯಾಹ್ನ ಕೂರಿಸಿ. ಅಕ್ಷರ ಕಾಣಲೆಂದು ಸುಣ್ಣದ ಪುಡಿ, ರಂಗೋಲಿ ಪುಡಿ ಸವರಬೇಡಿ, ಕಲ್ಲು ಸವೆಯುತ್ತದೆ. ಹಾಳೆ, ಪೆನ್ಸಿಲ್ ಕೊಟ್ಟು ಕಂಡದ್ದನ್ನು ಬರೆಯಲು ಹೇಳಿ. ಅವರು ಕೇಳುವ ಪ್ರಶ್ನೆಗಳನ್ನು ಗುರುತು ಹಾಕಿಕೊಂಡು ನನಗೆ ಕಳುಹಿಸಿ, ಉತ್ತರ ಸಿಗದವನ್ನು ಈ ಅಂಕಣದಲ್ಲೇ ಒಟ್ಟಿಗೆ ಹುಡುಕೋಣ.